ಕಾಣಿಕೆ, ದಶಮಾಂಶ, ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಬೆಳೆಹಬ್ಬದ ಆರಾಧನೆಗಳು ಮುಗಿದು, ಕ್ರೈಸ್ತ ಸಭೆಗಳಲ್ಲಿ ಮುಂದಿನ ವರ್ಷದ ವಂತಿಗೆಯ ಮಾತು ಆರಂಭವಾಗುವ ಕಾಲ ಇದು. ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಣಿಕೆಯನ್ನು ಕುರಿತೇ ಇವೆ. ಅವುಗಳಲ್ಲಿ ಆರನ್ನು ಆರಿಸಿ ಉತ್ತರಿಸಿದ್ದೇನೆ. ದೀರ್ಘ ಪತ್ರಗಳನ್ನು ಸಂಕ್ಷೇಪಿಸಿದ್ದೇನೆ. ಕೇಳಿದವರ ಹೆಸರುಗಳನ್ನು ಅವರ ಇಚ್ಛೆಯಂತೆ ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಸಂಬಳದ ಅರ್ಧದಷ್ಟು ಮನೆಸಾಲದ ಕಂತಿಗೇ ಹೋಗುತ್ತದೆ. ಈಚೆಗೆ ಒಂದು ಉಜ್ಜೀವನ ಕೂಟದಲ್ಲಿ ಬೋಧಕರೊಬ್ಬರು ಬೈಬಲಿನಲ್ಲಿ ಮಲಾಕಿಯನೆಂಬ ಪ್ರವಾದಿಯ ಗ್ರಂಥವನ್ನು ತೆರೆದು, ದಶಮಾಂಶವನ್ನು, ಅಂದರೆ ಆದಾಯದ ಹತ್ತರಲ್ಲೊಂದು ಪಾಲನ್ನು, ಕೊಡದವನು ದೇವರಿಂದ ಕದ್ದವನು, ಅಂಥವನ ಮನೆಗೆ ಕಾಯಿಲೆಯೂ ಸಾಲವೂ ತಪ್ಪುವುದಿಲ್ಲ ಎಂದರು. ಅಂದಿನಿಂದ ನೆಮ್ಮದಿಯಿಲ್ಲ. ದಶಮಾಂಶವನ್ನು ತೆರಿಗೆ ಮತ್ತು ಪಿಎಫ್ ಕಳೆಯುವ ಮೊದಲಿನ ಸಂಬಳದ ಮೇಲೆ ಲೆಕ್ಕ ಹಾಕಬೇಕೋ, ಕಳೆದ ಮೇಲೆಯೋ? (ಓದುಗ, ಬೆಂಗಳೂರು)

ಉತ್ತರ: ಕಳೆಯುವ ಮೊದಲೋ ಆಮೇಲೋ ಎಂಬುದಕ್ಕೆ ಬೈಬಲಿನಲ್ಲಿ ಆಜ್ಞೆಯಿಲ್ಲ, ಏಕೆಂದರೆ ಅಲ್ಲಿನ ದಶಮಾಂಶ ಹುಟ್ಟಿದ್ದು ಸಂಬಳದ ಚೀಟಿಯ ಮೇಲಲ್ಲ, ಹೊಲದ ಬೆಳೆ ಮತ್ತು ಹಟ್ಟಿಯ ಮಂದೆಯ ಮೇಲೆ. ಅದರ ಉದ್ದೇಶವೂ ಒಂದೇ ಆಗಿರಲಿಲ್ಲ. ಬೈಬಲಿನ ಅರಣ್ಯಕಾಂಡದ 18ನೆಯ ಅಧ್ಯಾಯದಲ್ಲಿ ಅದು ಹೊಲಗದ್ದೆಯ ಪಾಲಿಲ್ಲದ, ದೇವರ ಸೇವೆಗೆ ಮೀಸಲಾದ ಲೇವಿ ಕುಲದವರ ಜೀವನಾಧಾರ. ಪಡೆದ ಲೇವಿಯರೂ ಅದರಲ್ಲಿ ಹತ್ತರಲ್ಲೊಂದು ಪಾಲನ್ನು ಮತ್ತೆ ಒಪ್ಪಿಸಬೇಕಿತ್ತು. ಧರ್ಮೋಪದೇಶಕಾಂಡದ 14ನೆಯ ಅಧ್ಯಾಯಕ್ಕೆ ಬಂದರೆ ಚಿತ್ರವೇ ಬೇರೆ. ಅಲ್ಲಿ ಕೊಡುವವನು ತನ್ನ ಮನೆಯವರೊಡನೆ ದೇವರ ಸನ್ನಿಧಿಗೆ ಹೋಗಿ ಆ ದಶಮಾಂಶವನ್ನು ತಾನೇ ಉಂಡು ಸಂತೋಷಪಡುತ್ತಾನೆ. ದಾರಿ ದೂರವಾದರೆ ಬೆಳೆಯನ್ನು ಮಾರಿ, ಬೆಳ್ಳಿಯನ್ನು ಗಂಟು ಕಟ್ಟಿಕೊಂಡು ಹೋಗಿ, ಅಲ್ಲಿ ಮನಸ್ಸಿಗೆ ಬಂದದ್ದನ್ನು ಕೊಂಡು ಊಟಮಾಡುತ್ತಾನೆ. ಪ್ರತಿ ಮೂರನೆಯ ವರ್ಷದ ಪಾಲು ಮಾತ್ರ ಊರಲ್ಲಿಯೇ ಉಳಿದು ಲೇವಿಯರಿಗೂ ಪರದೇಶಿಗಳಿಗೂ ತಾಯಿತಂದೆಯಿಲ್ಲದ ಮಕ್ಕಳಿಗೂ ವಿಧವೆಯರಿಗೂ ಸೇರುತ್ತದೆ. ಉಜ್ಜೀವನ ಕೂಟಗಳಲ್ಲಿ ಈ ಅಧ್ಯಾಯವನ್ನು ಓದಿದ್ದನ್ನು ನಾನಂತೂ ಇದುವರೆಗೆ ಕೇಳಿಲ್ಲ.

ಮಲಾಕಿಯನ ಮಾತು ಕಠಿಣವಾಗಿದೆ, ಅದನ್ನು ಮೃದು ಮಾಡಲು ಹೋಗುವುದಿಲ್ಲ. ಆದರೆ ಅವನು ದೇವಾಲಯದ ಬಂಡಾರಕ್ಕೆ ತರಲು ಹೇಳಿದ್ದು ಆಹಾರವನ್ನು, ಮತ್ತು ಅದೇ ಗ್ರಂಥದ ಮೊದಲ ಎರಡು ಅಧ್ಯಾಯಗಳಲ್ಲಿ ಅವನು ತರಾಟೆಗೆ ತೆಗೆದುಕೊಂಡದ್ದು ಯಾಜಕರನ್ನು. ಜನರ ಮೇಲೆ ಮೂರನೆಯ ಅಧ್ಯಾಯವನ್ನು ಪ್ರಯೋಗಿಸುವ ಬೋಧಕರು ಮೊದಲ ಎರಡನ್ನು ತಮ್ಮ ಮೇಲೆ ಪ್ರಯೋಗಿಸಿಕೊಂಡ ಬಳಿಕವೇ ಮುಂದುವರಿಯುವುದು ನ್ಯಾಯ. ಕಾಯಿಲೆಯ ಬೆದರಿಕೆಯನ್ನಂತೂ ನೀವು ಮನಸ್ಸಿನಿಂದ ತೆಗೆದುಹಾಕಿ. ಹೆದರಿಸಿ ಪಡೆದದ್ದು ದಂಡವಾಗುತ್ತದೆ, ಹೆಚ್ಚಿನದನ್ನು ಪಡೆಯುವ ಆಸೆಯಿಂದ ಕೊಟ್ಟದ್ದು ಬಂಡವಾಳವಾಗುತ್ತದೆ. ಈ ಎರಡಕ್ಕೂ ಕಾಣಿಕೆ ಎಂಬ ಹೆಸರು ಒಪ್ಪುವುದಿಲ್ಲ.

ಜೆರುಸಲೇಮಿನ ಬಡವರಿಗಾಗಿ ಅಪೊಸ್ತಲನಾದ ಪೌಲನು ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಸಭೆಗಳಿಂದ ಹಣ ಕೂಡಿಸಿದಾಗ ಹತ್ತರಲ್ಲೊಂದು ಎಂಬ ಲೆಕ್ಕವನ್ನೇ ಎತ್ತಲಿಲ್ಲ. ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಂತೆ ತೆಗೆದಿಡಲಿ ಎಂದನು. ಬಲವಂತದಿಂದಲ್ಲ, ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಂತೆ ಕೊಡಲಿ ಎಂದನು. ಒಬ್ಬನ ಬಳಿ ಇರುವುದನ್ನು ನೋಡಿ ಅವನ ಕಾಣಿಕೆ ಸ್ವೀಕೃತವಾಗುತ್ತದೆಯೇ ಹೊರತು ಇಲ್ಲದ್ದನ್ನು ನೋಡಿ ಅಲ್ಲ ಎಂದೂ ಕೊರಿಂಥದವರಿಗೆ ಬರೆದನು. ಯುರೋಪಿನಲ್ಲಿ ದಶಮಾಂಶ ರಾಜಾಜ್ಞೆಯ ಬಲ ಪಡೆದದ್ದು ಬಹಳ ತಡವಾಗಿ, 779ರಲ್ಲಿ, ಷಾರ್ಲಮೇನ್ ದೊರೆಯ ಕಾಲದಲ್ಲಿ. ಹಾಗೆಂದು ಹತ್ತರಲ್ಲೊಂದನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಅದನ್ನು ಒಂದು ಅಳತೆಗೋಲಾಗಿ ಇಟ್ಟುಕೊಂಡು ಜೀವನಪರ್ಯಂತ ಸಂತೋಷದಿಂದ ಕೊಟ್ಟಿದ್ದಾರೆ. ಅಳತೆಗೋಲು ಕೈಯಲ್ಲಿದ್ದರೆ ಒಳ್ಳೆಯದು, ಅದು ಬೆನ್ನಿನ ಮೇಲಿನ ಕೋಲಾಗಬಾರದು.

ನೀವು ಮಾಡಬೇಕಾದದ್ದು ಇಷ್ಟು. ಮನೆಸಾಲದ ಕಂತು ನೀವು ಬ್ಯಾಂಕಿಗೆ ಕೊಟ್ಟ ಮಾತು. ಅದನ್ನು ತಪ್ಪಿಸಿ ಕಾಣಿಕೆ ಹಾಕಿದರೆ ಇನ್ನೊಬ್ಬರ ಹಣವನ್ನು ಅರ್ಪಿಸಿದಂತಾಗುತ್ತದೆ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅದು ದಾಸೋಹಕ್ಕೆಂದೇ ಇದ್ದರೂ ಇದ್ದಲ್ಲಿಗೇ ಸುರಿದು ಬನ್ನಿ ಎಂದು ಲಕ್ಕಮ್ಮ ಹೇಳಿದ ಕಥೆಯನ್ನು ನೀವು ಶಾಲೆಯಲ್ಲಿ ಓದಿರುತ್ತೀರಿ. ಕ್ರೈಸ್ತ ಸಭೆಗಳಲ್ಲಿಯೂ ಆ ಕಥೆಯನ್ನು ಹೇಳಬೇಕೆಂದು ನನಗೆ ಅನೇಕ ಸಲ ಅನಿಸಿದೆ. ಕಂತಿನ ನಂತರ ಉಳಿದುದರಲ್ಲಿ ಒಂದು ಪಾಲನ್ನು, ಅದು ನೂರಕ್ಕೆ ಮೂರೇ ಆಗಲಿ, ತಿಂಗಳ ಆರಂಭದಲ್ಲಿಯೇ ತೆಗೆದಿಡಿ. ತಿಂಗಳ ಕೊನೆಯಲ್ಲಿ ಉಳಿದರೆ ಕೊಡೋಣ ಎಂದುಕೊಂಡರೆ ಏನೂ ಉಳಿಯುವುದಿಲ್ಲವೆಂಬುದು ಸಂಸಾರಸ್ಥರಿಗೆಲ್ಲ ಗೊತ್ತು. ಸಾಲ ತೀರಿದ ದಿನ ಆ ಪಾಲನ್ನು ಹೆಚ್ಚಿಸಲು ಮಾತ್ರ ಮರೆಯಬೇಡಿ.

ಪ್ರಶ್ನೆ: ತಂದೆಯವರು ತೀರಿಕೊಂಡ ಮೇಲೆ ನಮ್ಮ ಅಮ್ಮ ತಮ್ಮ ಕುಟುಂಬ ಪಿಂಚಣಿಯ ಬಹುಪಾಲನ್ನು ಸಭೆಗೂ ಟಿವಿಯಲ್ಲಿ ಬರುವ ಸುವಾರ್ತಿಕರಿಗೂ ಕಳುಹಿಸುತ್ತಾರೆ. ಔಷಧದ ಖರ್ಚನ್ನು ನಾವು ಅಕ್ಕತಂಗಿಯರು ಭರಿಸುತ್ತೇವೆ, ಅದಕ್ಕೆ ಬೇಸರವಿಲ್ಲ. ಕೇಳಿದರೆ, ಬಡ ವಿಧವೆ ಇದ್ದದ್ದನ್ನೆಲ್ಲಾ ಹಾಕಿದಳಲ್ಲವೇ ಎನ್ನುತ್ತಾರೆ. ನಾವು ತಡೆಯುವುದು ಪಾಪವೇ? (ಓದುಗಳು, ಧಾರವಾಡ)

ಉತ್ತರ: ಆ ವಿಧವೆಯ ಪ್ರಸಂಗವನ್ನು ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಅಮ್ಮನ ಜೊತೆ ಕುಳಿತು ಮತ್ತೊಮ್ಮೆ ಓದಿ, ಆದರೆ 41ನೆಯ ವಚನದಿಂದಲ್ಲ, 38ರಿಂದ. ವಿಧವೆಯರ ಮನೆಗಳನ್ನು ನುಂಗಿ ನಟನೆಗಾಗಿ ಉದ್ದವಾದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳ ವಿಷಯದಲ್ಲಿ ಎಚ್ಚರಿಕೆಯಿಂದಿರಿ ಎಂದು ಯೇಸುಸ್ವಾಮಿ ಹೇಳಿ ಮುಗಿಸುವಷ್ಟರಲ್ಲಿಯೇ ಆಕೆ ಎರಡು ಕಾಸುಗಳನ್ನು ಹಿಡಿದು ಬರುತ್ತಾಳೆ. ಆಕೆಯ ಮನಸ್ಸನ್ನು ಅವರು ಎಲ್ಲರಿಗಿಂತ ಮೇಲೆ ಇಟ್ಟರು, ಅದರಲ್ಲಿ ಸಂದೇಹವಿಲ್ಲ. ಆದರೆ ಬದುಕಿಗಿದ್ದ ಕೊನೆಯ ಕಾಸನ್ನೂ ಆಕೆಯಿಂದ ಪಡೆದ ಆ ವ್ಯವಸ್ಥೆಯನ್ನು ಅವರು ಹೊಗಳಿದರೆಂದು ನಾನು ಓದಲಾರೆ. ಅದೇ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ, ತಾಯಿತಂದೆಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮುಡಿಪು ಎಂದು ಹೇಳಿ ಕೈಬಿಡುವವರನ್ನು ಅವರು ಖಂಡಿಸಿದ್ದಾರೆ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 5ನೆಯ ಅಧ್ಯಾಯದಲ್ಲಿ ವಿಧವೆಯರ ಪೋಷಣೆಯ ಭಾರವನ್ನು ಮೊದಲು ಮಕ್ಕಳ ಮೇಲೂ, ಯಾರೂ ಇಲ್ಲದವರಾದರೆ ಸಭೆಯ ಮೇಲೂ ಹೊರಿಸಲಾಗಿದೆ.

ಪೂರ್ತಿ ತಡೆಯಬೇಡಿ. ವಯಸ್ಸಾದವರಿಗೆ ಕೊಡುವುದು ತಾವಿನ್ನೂ ಮನೆಯ ಯಜಮಾನರೆಂಬ ಗೌರವದ ಸಂಗತಿ. ಅಮ್ಮನ ಕೈಯಿಂದ ಕಾಣಿಕೆಯ ಲಕೋಟೆಯನ್ನು ಕಿತ್ತುಕೊಂಡರೆ ನೀವು ಕಿತ್ತುಕೊಂಡದ್ದು ಹಣವನ್ನು ಮಾತ್ರವಲ್ಲ. ಅವರ ಸಭೆಗೆ, ಅಂದರೆ ಕಾಯಿಲೆಯಾದಾಗ ಮನೆಗೆ ಬಂದು ಪ್ರಾರ್ಥಿಸುವವರ ಸಭೆಗೆ, ಒಂದು ಮೊತ್ತವನ್ನು ಅವರೇ ನಿಶ್ಚಯಿಸಲಿ. ಟಿವಿಯ ಸುವಾರ್ತಿಕರ ವಿಷಯದಲ್ಲಿ ನನಗೆ ಅಷ್ಟು ಸಹನೆಯಿಲ್ಲ. ಸಭೆಯ ಆರಂಭಕಾಲದ ಬೋಧನೆಗಳ ಸಂಗ್ರಹವಾದ ‘ದಿದಾಖೆ’ ಎಂಬ ಪುಟ್ಟ ಗ್ರಂಥದಲ್ಲಿಯೇ, ತನಗಾಗಿ ಹಣ ಕೇಳುವ ಪ್ರವಾದಿ ಸುಳ್ಳು ಪ್ರವಾದಿ ಎಂಬ ನಿಯಮವಿದೆ. ಅಮ್ಮನಿಗೆ ಅದನ್ನೂ ತಿಳಿಸಿ. ಸಾಧ್ಯವಾದರೆ ನಿಮ್ಮ ಸಭಾಪಾಲಕರೇ ಅವರೊಡನೆ ಮಾತನಾಡಲಿ. ಮಕ್ಕಳ ಮಾತಿಗಿಂತ ಅಯ್ಯನವರ ಮಾತು ಬೇಗ ನಾಟುತ್ತದೆ.

ಪ್ರಶ್ನೆ: ನಮ್ಮ ದೇವಾಲಯದಲ್ಲಿ ಬೆಂಚು, ಫ್ಯಾನು, ಗಡಿಯಾರ, ಕೊನೆಗೆ ಟ್ಯೂಬ್‌ಲೈಟಿನ ಮೇಲೂ ದಾನಿಗಳ ಹೆಸರಿದೆ. ಇದು ಸರಿಯೇ? (ಓದುಗ, ಉಡುಪಿ)

ಉತ್ತರ: ಟ್ಯೂಬ್‌ಲೈಟಿನ ಮೇಲೆ ಹೆಸರು ದಪ್ಪಕ್ಷರದಲ್ಲಿದ್ದಷ್ಟೂ ಬೆಳಕು ಕಡಿಮೆ. ತೀರಿಹೋದವರ ನೆನಪಿಗೆ ಮನೆಯವರು ಕೊಟ್ಟ ಬೆಂಚಿನ ಮೇಲೆ ಸಣ್ಣದೊಂದು ಫಲಕವಿದ್ದರೆ ನಾನು ಆಕ್ಷೇಪಿಸುವುದಿಲ್ಲ. ಮುಂದಿನ ತಲೆಮಾರಿಗೆ ಅದೂ ಸಭೆಯ ಚರಿತ್ರೆಯೇ. ಬದುಕಿರುವವರು ಹೆಸರಿಗಾಗಿ ಕೊಟ್ಟಿದ್ದರೆ, ಮತ್ತಾಯನ 6ನೆಯ ಅಧ್ಯಾಯದ ಪ್ರಕಾರ ಅವರಿಗೆ ಬರತಕ್ಕದ್ದು ಬಂದಾಗಿದೆ. ಹೊಸದಾಗಿ ಕೊಡುವವರಿಗೆ ಸಮಿತಿಯು ರಸೀದಿಯನ್ನೂ ಕೃತಜ್ಞತೆಯ ಪತ್ರವನ್ನೂ ಕೊಟ್ಟು ಅಷ್ಟಕ್ಕೇ ನಿಲ್ಲಿಸಬಹುದು.

ಪ್ರಶ್ನೆ: ನಾನು ಕುವೈತಿನಲ್ಲಿದ್ದೇನೆ, ಭಾರತದ ಪಾಸ್‌ಪೋರ್ಟ್ ಇದೆ. ನನಗೆ ದೀಕ್ಷಾಸ್ನಾನವಾದ ಊರಿನ ದೇವಾಲಯದ ಛಾವಣಿಯ ದುರಸ್ತಿಗೆ ಹಣ ಕಳುಹಿಸಬೇಕೆಂದಿದ್ದೇನೆ. ಅಮೆರಿಕದ ಪ್ರಜೆಯಾಗಿರುವ ನನ್ನ ಭಾವನೂ ಸೇರುತ್ತೇನೆ ಎನ್ನುತ್ತಾರೆ. ಇಬ್ಬರದ್ದನ್ನೂ ಒಟ್ಟಿಗೆ ನನ್ನ ಖಾತೆಯಿಂದ ಕಳುಹಿಸಬಹುದೇ? ತೆರಿಗೆ ವಿನಾಯಿತಿ ಸಿಗುತ್ತದೆಯೇ? (ಓದುಗ, ಕುವೈತ್)

ಉತ್ತರ: ಒಟ್ಟಿಗೆ ಕಳುಹಿಸಬೇಡಿ. ಭಾರತದ ಪೌರತ್ವವಿರುವ ನೀವು ನಿಮ್ಮ ಸ್ವಂತ ಉಳಿತಾಯದಿಂದ, ಬ್ಯಾಂಕಿನ ಸಾಮಾನ್ಯ ಮಾರ್ಗದಲ್ಲಿ ಕಳುಹಿಸುವ ಹಣವು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಲ್ಲಿ ವಿದೇಶಿ ದೇಣಿಗೆ ಎನಿಸುವುದಿಲ್ಲ. ನಿಮ್ಮ ಭಾವನವರದು ಹಾಗಲ್ಲ. ಹುಟ್ಟಿದ ಊರು ಒಂದೇ ಆದರೂ, ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಸಿಗುವ ಒಸಿಐ ಕಾರ್ಡ್ ಕೈಯಲ್ಲಿದ್ದರೂ, ಪೌರತ್ವ ಬೇರೆಯಾದ ಮೇಲೆ ಅವರ ಹಣ ವಿದೇಶಿ ದೇಣಿಗೆಯೇ. ಆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ ಅದನ್ನು ಪಡೆಯಬಹುದು. 2020ರ ತಿದ್ದುಪಡಿಯ ನಂತರ ಅದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ನಿಗದಿತ ಖಾತೆಗೇ ಬರಬೇಕು, ಹಾಗೆ ಬಂದದ್ದನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ವರ್ಗಾಯಿಸುವಂತೆಯೂ ಇಲ್ಲ. ಭಾವನ ಹಣವನ್ನು ನಿಮ್ಮ ಖಾತೆಯ ಮೂಲಕ ಹಾಯಿಸಿದರೆ ನೀವಿಬ್ಬರೂ ಕ್ಷೇಮವಾಗಿ ದೂರದಲ್ಲಿರುತ್ತೀರಿ, ತೊಂದರೆಗೆ ಸಿಲುಕುವುದು ಊರಿನ ಸಭೆಯ ಖಜಾಂಚಿ. ನಿಮ್ಮ ಸಭೆಗೆ ಆ ನೋಂದಣಿ ಇದೆಯೇ ಎಂದು ಬಿಷಪರ ಡಯಾಸಿಸ್ ಕಚೇರಿಯಲ್ಲಿ ವಿಚಾರಿಸಿಕೊಂಡು ಭಾವನವರು ಪ್ರತ್ಯೇಕವಾಗಿ ಮುಂದುವರಿಯಲಿ.

ತೆರಿಗೆಯ ವಿಷಯ: 80ಜಿ ಎಂದು ರೂಢಿಯಲ್ಲಿರುವ ವಿನಾಯಿತಿ ಧರ್ಮಾರ್ಥ ಸೇವೆಗೆಂದು ಅನುಮೋದನೆ ಪಡೆದ ಸಂಸ್ಥೆಗಳಿಗೆ ಕೊಟ್ಟ ಹಣಕ್ಕೆ. ಸಾಮಾನ್ಯವಾಗಿ ಆರಾಧನೆಯ ಕಾಣಿಕೆಗೂ ವಂತಿಗೆಗೂ ಅದು ಅನ್ವಯಿಸದು. ಮಿಷನ್ ಆಸ್ಪತ್ರೆಗೋ ಅನಾಥಾಲಯಕ್ಕೋ ಕೊಡುವಾಗ ಅನುಮೋದನೆಯನ್ನು ಕೇಳಿ ನೋಡಿ. ನಗದಾಗಿ ಕೊಟ್ಟರೆ 2,000 ರೂಪಾಯಿಯಿಂದಾಚೆಗೆ ವಿನಾಯಿತಿಯಿಲ್ಲ.

ಪ್ರಶ್ನೆ: ನಾನು ಸಭಾ ಸಮಿತಿಯ ಸದಸ್ಯ. ತಿಂಗಳ ಆದಾಯ ಮತ್ತು ಖರ್ಚನ್ನು ಸೂಚನಾ ಫಲಕದಲ್ಲಿ ಹಾಕಬೇಕೆಂದು ಯುವಕರು ಕೇಳುತ್ತಿದ್ದಾರೆ. ದೇವರಿಗೆ ಕೊಟ್ಟ ಮೇಲೆ ಲೆಕ್ಕ ಕೇಳಬಾರದು, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಹಿರಿಯರು ಹೇಳುತ್ತಾರೆ. (ಓದುಗ, ಮಂಗಳೂರು)

ಉತ್ತರ: ಎಡಗೈ ಬಲಗೈಯ ಮಾತು ಕೊಡುವವನಿಗೆ ಹೇಳಿದ್ದು, ಖಜಾಂಚಿಗಲ್ಲ. ಖಜಾಂಚಿಯ ಎರಡು ಕೈಗಳಿಗೂ ಎಲ್ಲವೂ ತಿಳಿದಿರಬೇಕು. ಮೂರನೆಯವನ ಕಣ್ಣಿಗೂ ಬೀಳಬೇಕು.

ನಮ್ಮ ಹಳೆಯ ಕನ್ನಡ ಬೈಬಲಿನಲ್ಲಿ ‘ಮನೆವಾರ್ತೆಯವನು’ ಎಂಬ ಸೊಗಸಾದ ಮಾತಿದೆ. ಲೂಕನ 12ನೆಯ ಅಧ್ಯಾಯದಲ್ಲಿ ಯಜಮಾನನು ಅವನಿಗೆ ಒಪ್ಪಿಸುವ ಕೆಲಸವೇನು? ಯಜಮಾನನಿಗೆ ಕಪ್ಪ ಕಟ್ಟುವುದಲ್ಲ, ಮನೆಯ ಆಳುಗಳಿಗೆ ಹೊತ್ತುಹೊತ್ತಿಗೆ ಪಡಿ ಅಳೆದು ಕೊಡುವುದು. ಹಣವುಳ್ಳ ಭಕ್ತನು ಮನೆವಾರ್ತೆಯವನೆಂದು ವಂತಿಗೆಯ ಭಾನುವಾರದಂದು ಎಲ್ಲ ಸಭಾಪಾಲಕರೂ ಬೋಧಿಸುತ್ತಾರೆ, ಅದು ನಿಜವೇ. ಆದರೆ ಆ ಹಣ ಕಾಣಿಕೆಯ ಚೀಲಕ್ಕೆ ಬಿದ್ದ ಕ್ಷಣದಿಂದ ಮನೆವಾರ್ತೆ ಸಮಿತಿಯ ಹೆಗಲಿಗೆ ಬರುತ್ತದೆ, ಮತ್ತು ಲೂಕನ 16ನೆಯ ಅಧ್ಯಾಯದಲ್ಲಿ ಯಜಮಾನನು ಮನೆವಾರ್ತೆಯವನಿಂದ ಲೆಕ್ಕ ಕೇಳುತ್ತಾನೆ. ಯೆಹೂದದ ಅಧಿಪತಿಯಾಗಿದ್ದ ನೆಹೆಮೀಯನ ಕಾಲದಲ್ಲಿ ಪಾಲು ಸಿಗದೆ ಲೇವಿಯರು ಸೇವೆ ಬಿಟ್ಟು ತಂತಮ್ಮ ಹೊಲಗಳಿಗೆ ಓಡಿಹೋಗಿದ್ದರು. ಅವನು ಜನರಿಗೆ ದಶಮಾಂಶ ತನ್ನಿರೆಂದು ಹೇಳಿ ಸುಮ್ಮನಾಗಲಿಲ್ಲ. ಬಂಡಾರದ ಮೇಲೆ ಒಬ್ಬ ಯಾಜಕ, ಒಬ್ಬ ಲೇಖಕ, ಒಬ್ಬ ಲೇವಿಯ, ಅವರಿಗೊಬ್ಬ ಸಹಾಯಕ ಹೀಗೆ ನಂಬಿಗಸ್ತರಾದ ನಾಲ್ವರನ್ನು ನೇಮಿಸಿದನು. ಪೌಲನಂತೂ ಜೆರುಸಲೇಮಿನ ಹಣವನ್ನು ತಾನೊಬ್ಬನೇ ಒಯ್ಯಲು ಒಪ್ಪದೆ ಸಭೆಗಳು ಆರಿಸಿದವರನ್ನು ಜೊತೆಗೆ ಕರೆದುಕೊಂಡನು. ಕರ್ತನ ದೃಷ್ಟಿಯಲ್ಲಿ ಮಾತ್ರವಲ್ಲ, ಮನುಷ್ಯರ ದೃಷ್ಟಿಯಲ್ಲಿಯೂ ಕೆಲಸ ಗೌರವವಾಗಿರಬೇಕೆಂಬುದು ಅವನು ಕೊಟ್ಟ ಕಾರಣ. ಪೌಲನಿಗೆ ಬೇಕಾದದ್ದು ನಿಮ್ಮ ಹಿರಿಯರಿಗೆ ಬೇಡವೇ?

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ನಾನು ಮೂವತ್ತರ ಹರೆಯದಲ್ಲಿ ಒಂದು ಸಭೆಯ ಖಜಾಂಚಿಯಾಗಿದ್ದಾಗ, ಬಡ ರೋಗಿಗಳಿಗೆಂದು ಬಂದಿದ್ದ ಹಣದಿಂದ ಎರಡು ತಿಂಗಳ ವಿದ್ಯುತ್ ಬಿಲ್ ಕಟ್ಟಿದೆ, ವಂತಿಗೆ ಬಂದಾಗ ತುಂಬಿಸೋಣವೆಂದು. ಒಂದು ಪೈಸೆಯೂ ನನ್ನ ಜೇಬಿಗೆ ಹೋಗಲಿಲ್ಲ. ಆದರೆ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ವೃದ್ಧೆಯೊಬ್ಬರು ಆರಾಧನೆ ಮುಗಿದ ಮೇಲೆ ಬಂದು, ‘ಮಗಾ, ನಾನು ಕೊಟ್ಟ ನೂರು ರೂಪಾಯಿ ಯಾರ ಔಷಧಕ್ಕಾಯಿತು?’ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಅಂದಿನಿಂದ ಉದ್ದೇಶವಿಟ್ಟು ಬಂದ ಹಣಕ್ಕೆ ಬೇರೆಯೇ ಪುಸ್ತಕ ಇಟ್ಟೆ. ನೀವೂ ಇಡಿ. ಆರಾಧನೆ ಮುಗಿದ ಕೂಡಲೇ ದೇವಾಲಯದ ಒಳಕೋಣೆಯಾದ ವೆಸ್ಟ್ರಿಯಲ್ಲಿ ಪರಸ್ಪರ ಸಂಬಂಧಿಗಳಲ್ಲದ ಇಬ್ಬರು ಎಣಿಸಿ ಸಹಿ ಹಾಕಲಿ, ಸೋಮವಾರವೇ ಬ್ಯಾಂಕಿಗೆ ಹೋಗಲಿ. ಬಾಗಿಲ ಬಳಿ ಅಂಟಿಸಿದ ಕ್ಯೂಆರ್ ಕೋಡ್ ಸಭೆಯ ಖಾತೆಯದ್ದಾಗಿರಲಿ, ಯಾರದೋ ಮೊಬೈಲಿನದ್ದಲ್ಲ. ಫಲಕದಲ್ಲಿ ಒಟ್ಟು ಬಂದದ್ದು, ಒಟ್ಟು ಹೋದದ್ದು ಇದ್ದರೆ ಸಾಕು. ಯಾರು ಎಷ್ಟು ಕೊಟ್ಟರೆಂದು ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ; ಕಡಿಮೆ ಕೊಟ್ಟವನನ್ನು ನಾಚಿಸುವುದಕ್ಕೆ ಆ ಫಲಕ ಬಳಕೆಯಾಗುತ್ತದೆ.

ಆ ಹಣ ಎಲ್ಲಿಗೆ ಹೋಗಬೇಕೆಂಬುದನ್ನೂ ಯುವಕರು ಕೇಳಲಿ. ಸುಮಾರು 155ರಲ್ಲಿ ರೋಮಿನಲ್ಲಿ ಬರೆದ ಕ್ರೈಸ್ತ ಲೇಖಕ ಜಸ್ಟಿನ್, ಭಾನುವಾರದ ಆರಾಧನೆಯಲ್ಲಿ ಉಳ್ಳವರು ತಮಗೆ ತೋಚಿದಷ್ಟು ಕೊಡುತ್ತಾರೆ, ಅದು ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು, ಪರಸ್ಥಳದವರು ಇವರಿಗೆ ಹೋಗುತ್ತದೆ ಎನ್ನುತ್ತಾರೆ. ಸುಮಾರು 197ರಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ತಿಂಗಳಿಗೊಮ್ಮೆ ಸ್ವಇಚ್ಛೆಯಿಂದ ಹಾಕುವ ಪೆಟ್ಟಿಗೆಯನ್ನು ವರ್ಣಿಸುತ್ತಾ, ಆ ಹಣ ಔತಣಕ್ಕಲ್ಲ, ಬಡವರ ಅನ್ನಕ್ಕೂ ಶವಸಂಸ್ಕಾರಕ್ಕೂ ಎಂದು ಒತ್ತಿ ಹೇಳುತ್ತಾರೆ. ನಮ್ಮ ಕರಾವಳಿಗೂ ಇಂಥ ಋಣವಿದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ್ದು ನಿಮಗೆ ಗೊತ್ತು. ಆ ಮಿಷನ್ನಿಗೆ ಬಾಸೆಲ್ ಕಡೆಯ ಸಾಧಾರಣ ಜನರು ವಾರಕ್ಕೊಂದು ಅರ್ಧ ಬಾಟ್ಸೆನ್, ಅಂದರೆ ತೀರ ಸಣ್ಣ ನಾಣ್ಯವೊಂದನ್ನು, ಕೂಡಿಸಿ ಕೊಡುವ ಪದ್ಧತಿಯೇ ಇತ್ತು ಎಂಬುದು ಅಷ್ಟಾಗಿ ಗೊತ್ತಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಬಂಧಿಸಿ ಹೊರಗೆ ಕಳುಹಿಸಲಾಯಿತು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಹೊರಗಿನ ಕೈಯನ್ನೇ ನಂಬಿದ್ದ ಸಭೆಗಳಿಗೆ ಸಭಾಪಾಲಕರ ಸಂಬಳವೂ ದೇವಾಲಯದ ಹೆಂಚೂ ತಮ್ಮದೇ ಹೊಣೆ ಎಂಬುದು ಅಲ್ಲಿಂದ ಮುಂದೆ ಅರಿವಾಗುತ್ತಾ ಬಂತು. ನೀವು ಫಲಕದಲ್ಲಿ ಬರೆಯುವ ವಂತಿಗೆಯ ಅಂಕಿಗೆ ಇಷ್ಟು ಹಿನ್ನೆಲೆಯಿದೆ ಎಂದು ಯುವಕರಿಗೂ ಹಿರಿಯರಿಗೂ ಒಟ್ಟಿಗೆ ಕೂರಿಸಿ ಹೇಳಿ.

ಪ್ರಶ್ನೆ: ಬೆಳೆಹಬ್ಬದ ಏಲಂನಲ್ಲಿ ನಮ್ಮ ಮನೆಯ ಒಂದು ತೆಂಗಿನಕಾಯಿಗೆ 4,000 ರೂಪಾಯಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿ ನಾಲ್ಕು ಮೊಟ್ಟೆ ತಂದಿದ್ದ ಹೆಂಗಸು ತಲೆ ತಗ್ಗಿಸಿ ಕುಳಿತಿದ್ದರು. ಏಲಂ ನಿಲ್ಲಿಸಬೇಕೆಂದು ಅನಿಸುತ್ತದೆ. (ಓದುಗಳು, ಕುಂದಾಪುರ)

ಉತ್ತರ: ನೀವು ಆ ತಗ್ಗಿದ ತಲೆಯನ್ನು ಕಂಡದ್ದೇ ದೊಡ್ಡದು. ಆದರೂ ಏಲಂ ನಿಲ್ಲಿಸಿ ಎನ್ನಲು ನನಗೆ ಮನಸ್ಸು ಬಾರದು. ಬಾಳೆಗೊನೆ, ಸುವರ್ಣಗಡ್ಡೆ, ಹಲಸಿನ ಹಪ್ಪಳ, ಕಾಲು ಕಟ್ಟಿದ ಹುಂಜ ಇವುಗಳ ನಡುವೆ ವರ್ಷಕ್ಕೊಮ್ಮೆ ಸಭೆಯವರು ಮನಸ್ಸು ಬಿಚ್ಚಿ ನಗುವ ದಿನ ಅದು. ಕೊಂಡವನು ಅದೇ ಕಾಯಿಯನ್ನು ಮತ್ತೆ ಏಲಂಗೆ ಬಿಟ್ಟುಕೊಡುವಾಗ ಧರ್ಮೋಪದೇಶಕಾಂಡದ ಆ ಸಂತೋಷದ ಊಟ ನನಗೆ ನೆನಪಾಗುತ್ತದೆ. ಜಂಬ ಬರುವುದು ಕೂಗುವವನಿಂದ. ಬೆಲೆ ಏರಿದಂತೆಲ್ಲ ಮನೆತನದ ಹೆಸರು ಹೇಳಿ ಕೆಣಕುವುದನ್ನು ನಿಲ್ಲಿಸಿದರೆ ಅರ್ಧ ದೋಷ ಹೋಗುತ್ತದೆ.

ಉಳಿದರ್ಧಕ್ಕೆ ಒಂದು ಸಲಹೆ. ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ಹೊಲದ ಅಂಚಿನ ಪೈರನ್ನು ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬ ನಿಯಮವಿದೆ. ಮಿಜೋರಾಮಿನ ಕ್ರೈಸ್ತ ಮನೆಗಳಲ್ಲಿ ಅಡುಗೆಗೆ ಅಕ್ಕಿ ತೆಗೆಯುವಾಗಲೆಲ್ಲಾ ಒಂದು ಹಿಡಿಯನ್ನು ಸಭೆಗೆಂದು ಬದಿಗಿಡುವ ಪದ್ಧತಿ 1910ರಿಂದ ನಡೆದುಬಂದಿದೆ. ಆ ಹಿಡಿಯಕ್ಕಿಯ ಮುಂದೆ ಉಳ್ಳವಳ ಹಿಡಿಗೂ ಇಲ್ಲದವಳ ಹಿಡಿಗೂ ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ. ಮುಂದಿನ ಬೆಳೆಹಬ್ಬದಲ್ಲಿ ಏಲಂ ಆರಂಭವಾಗುವ ಮೊದಲು ವೇದಿಕೆಯ ಬಳಿ ಒಂದು ದೊಡ್ಡ ಬುಟ್ಟಿಯಿಡಿ. ತಂದವರೆಲ್ಲರೂ ತಮ್ಮದರಲ್ಲಿ ಒಂದನ್ನು, ನಾಲ್ಕು ಮೊಟ್ಟೆ ತಂದವರು ಒಂದು ಮೊಟ್ಟೆಯನ್ನು, ಹತ್ತು ಕಾಯಿ ತಂದವರು ಒಂದು ಕಾಯಿಯನ್ನು, ಅದರಲ್ಲಿ ಹಾಕಲಿ. ಅದಕ್ಕೆ ಯಾರೂ ಬೆಲೆ ಕೂಗಬಾರದು. ಹಾಸಿಗೆ ಹಿಡಿದು ದೇವಾಲಯಕ್ಕೆ ಬರಲಾರದವರ ಮನೆಗಳಿಗೆ ಮಹಿಳಾ ಅನ್ಯೋನ್ಯ ಕೂಟದವರು ಅದನ್ನು ಅದೇ ಸಂಜೆ ತಲುಪಿಸಲಿ. ಮೊಟ್ಟೆ ತಂದ ಆ ಹೆಂಗಸನ್ನು ಜೊತೆಗೆ ಕರೆದುಕೊಂಡು ಹೋಗಿ.